ಅಮಾವಾಸ್ಯೆ ರಜೆಯ ಕಂಪ್ಯೂಟರು

ನನ್ನ ಷಡ್ಡಕ ಎಪ್ಪತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಯಾರಿಗೂ ಕಾದವನಲ್ಲ. ಬಸ್ಸಿಗೆ ಕಾಯಲಾರದೆ ಮೊಳಕಾಲ್ಮುರಿನಿಂದ ಪಕ್ಕದ ಹಾನಗಲ್ಲಿನವರೆಗೆ ನಡೆದು ಹೋಗಿ, ಅಲ್ಲಿ ಅದೇ ಬಸ್ಸನ್ನು ಹತ್ತಿದವನು. ತನ್ನ ಮದುವೆಯಲ್ಲಿ ಪುರೋಹಿತರ ಮಂತ್ರ ಮುಗಿಯುವ ಮೊದಲೇ ತಾಳಿ ಕೈಗೆತ್ತಿಕೊಂಡು, "ಉಳಿದಿದ್ದನ್ನ ಊಟ ಆದ್ಮೇಲೆ ಹೇಳ್ರಿ" ಅಂದವನು. ಡಾಕ್ಟರ ಕೋಣೆಯ ಹೊರಗೆ ಹತ್ತು ನಿಮಿಷ ಕೂರಿಸಿದರೆ "ಜ್ವರ ಇಳೀತು" ಎಂದು ಎದ್ದು ಬರುವವನು. ಅಂಥ ಮನುಷ್ಯ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಒಂದು ತಗಡಿನ ಡಬ್ಬದ ಮುಂದೆ ಕೈಕಟ್ಟಿ ಕೂರುತ್ತಿದ್ದ, ಅದು ಏಳಲಿ ಅಂತ! ನಂಬುತ್ತೀರಾ?

ಷಡ್ಡಕ ಅಂದರೆ ಅವನು ಅಕ್ಕನನ್ನು ಕಟ್ಟಿಕೊಂಡ, ನಾನು ತಂಗಿಯನ್ನು. ಅವನು ಮೊಳಕಾಲ್ಮುರಿನ ನೇಕಾರರ ಮನೆಯವನು, ನಾನು ಚಳ್ಳಕೆರೆಯವನು. ನನಗಿಂತ ನಾಲ್ಕು ವರ್ಷ ದೊಡ್ಡವನಾದ್ದರಿಂದ ಎದುರಿಗೆ "ಅಣ್ಣ" ಅನ್ನುತ್ತೇನೆ; ಬರೆಯುವಾಗ ಅವನು ಇವನು ಅನ್ನುವಷ್ಟು ಸಲಿಗೆ ಐವತ್ತು ವರ್ಷದಲ್ಲಿ ಸಂಪಾದಿಸಿದ್ದೇನೆ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಸಿಟ್ಟು ಬರುತ್ತದೆ ಅಂತಲ್ಲ, "ಇಷ್ಟು ಕಡಿಮೆ ಬರೆದಿದ್ದೀಯಾ?" ಅಂತ ಕೇಳುತ್ತಾನೆ!

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ತಪ್ಪೊಪ್ಪಿಗೆ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆಮೇಲೆ ಮೂವತ್ತೊಂದು ವರ್ಷ ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೋಟಾರು ಮನೆ ನೋಡಿಕೊಂಡೆ. ಹೆಂಡತಿಯ ತವರಿನವರೆಲ್ಲ ನನ್ನನ್ನು "ಕರೆಂಟಿನ ಮಾಮ" ಎಂದು ಕರೆಯುತ್ತಾರೆ. ಆ ಹೆಸರು ಉಳಿಸಿಕೊಳ್ಳಲು ಹೋಗಿ ನಾನೊಂದು ಪಾಪ ಮಾಡಿದೆ. ಪಾಪ ನನ್ನದೇ, ಒಪ್ಪಿದೆ. ಆದರೆ ಲೆಕ್ಕ ಮಾತ್ರ ಸರಿಯಾಗಿತ್ತು! ಅದನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ.

ನನ್ನ ಷಡ್ಡಕನ ಕೆಲಸ ಸೀರೆಯ ಅಂಚಿಗೆ ನಕ್ಷೆ ಬರೆಯುವುದು. ಮೊದಲೆಲ್ಲ ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದ. ಒಂದು ಚೌಕ ಎಂದರೆ ಒಂದು ಎಳೆ. ಚೌಕ ತುಂಬಿ ತುಂಬಿ ಗಿಣಿ, ಮಾವು, ಗೋಪುರ. ಅದನ್ನು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗದ ಮೇಲೆ ಏರಿಸಿದರೆ, ಬರೆದದ್ದು ರೇಷ್ಮೆಯಲ್ಲಿ ಇಳಿದು ಬರುತ್ತದೆ. ಒಂದು ವರ್ಷ ಗೆದ್ದಲು ಬಂದು ಅವನ ಅರ್ಧ ಆಯುಷ್ಯದ ಕಾಗದಗಳನ್ನು ತಿಂದು ಹಾಕಿತು. ಅದೇ ಹೊತ್ತಿಗೆ ನೇಕಾರರ ಸಂಘವೊಂದು ಹೊಸ ಕಂಪ್ಯೂಟರು ತಂದು, ಹಳೆಯದನ್ನು ಮೂಲೆಗೆ ತಳ್ಳಿತ್ತು. ಇವನು ಹೋಗಿ ನೋಡಿದ. ಪರದೆಯ ಮೇಲೆ ಚಿತ್ರವನ್ನು ಯಾರೋ ದೊಡ್ಡದು ಮಾಡಿ ತೋರಿಸಿದರು. ಮಾಡುತ್ತಾ ಮಾಡುತ್ತಾ ಅದು ಚೌಕ ಚೌಕವಾಯಿತು. ಅಷ್ಟೇ!

"ಲೇ, ಇದು ಮಗ್ಗ ಕಣಲೇ!" ಎಂದು ನನಗೆ ಫೋನು ಮಾಡಿದ. "ಗಾಜಿನ ಹಿಂದೆ ಮಗ್ಗ ಇಟ್ಟವರೆ, ಇಷ್ಟು ದಿನ ಯಾರೂ ಹೇಳಿಲ್ಲ ನೋಡು."

ಅರವತ್ತೆರಡನೆಯ ವಯಸ್ಸಿನಲ್ಲಿ ಅವನು ಆ ಹಳೆಯದನ್ನು ಮನೆಗೆ ತಂದುಕೊಂಡು ಕಲಿತ. ಗೆದ್ದಲು ತಿಂದದ್ದನ್ನೆಲ್ಲ ನೆನಪಿನಿಂದಲೇ ಮತ್ತೆ ಬರೆದು ಆ ಡಬ್ಬದೊಳಗೆ ಇಟ್ಟ. ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೋ ಎಂದರೆ, "ನಕ್ಷೆ ಅಂದ್ರೆ ನಶ್ಯದ ಡಬ್ಬಿಯೇನಲೇ, ಜೇಬಲ್ಲಿ ಇಟ್ಕೊಂಡು ತಿರುಗಕ್ಕೆ?" ಎಂದ. ಹೀಗಾಗಿ ಅವನ ಸರ್ವಸ್ವವೂ ಅದೊಂದೇ ಡಬ್ಬದಲ್ಲಿತ್ತು. ಆ ಡಬ್ಬವೋ, ಏಳುವುದೇ ಕಷ್ಟ.

ಅದನ್ನು ಎಬ್ಬಿಸುವ ಸಡಗರವನ್ನು ನೀವು ನೋಡಬೇಕಿತ್ತು. ಸ್ನಾನ ಮಾಡಿ ಬಂದು, ಅದರ ಮೇಲೆ ಹೊದಿಸಿದ ಕಂಬಳಿ ತೆಗೆಯುತ್ತಿದ್ದ. (ಕಂಬಳಿ ಚಳ್ಳಕೆರೆಯದು, ನಾನೇ ತಂದುಕೊಟ್ಟದ್ದು. ನನಗೆ ಹೊದೆಯಲು ಕೊಟ್ಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ಮಡಿಸುತ್ತಿರಲಿಲ್ಲ.) ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಗೋಡೆಯ ಸ್ವಿಚ್ಚು ಹಾಕುತ್ತಿದ್ದ. ಆಮೇಲೆ ಡಬ್ಬದ ಗುಂಡಿ. ಒಳಗೆ "ಟಿಕ್" ಅನ್ನುತ್ತಿತ್ತು, ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಕಾಯುತ್ತಿದ್ದ. ಮತ್ತೆ ಗುಂಡಿ. ಮತ್ತೆ ಟಿಕ್. ಈ ಸಲ ಒಂದು ಸುತ್ತು. ಹೀಗೆ ಏಳೆಂಟು ಸಲ ಆದ ಮೇಲೆ, ಚಳಿಗಾಲವಾದರೆ ಹದಿನೈದು ಸಲ, ಫ್ಯಾನು ಗೊರ್ ಎಂದು ತಿರುಗಿ ಪರದೆ ಬೆಳಗುತ್ತಿತ್ತು. ಅಷ್ಟರಲ್ಲಿ ಅತ್ತಿಗೆಯ ಅಡುಗೆ ಮುಗಿದಿರುತ್ತಿತ್ತು.

ನಡುವೆ ಅವನು ಅದನ್ನು ಮಾತನಾಡಿಸುತ್ತಿದ್ದ. ಬೈಯುವುದು ಕನ್ನಡದಲ್ಲಿ, ಮುದ್ದು ತೆಲುಗಿನಲ್ಲಿ. ಆಂಧ್ರದ ಗಡಿ ಪಕ್ಕದಲ್ಲೇ ಇರುವವರಿಗೆ ಈ ಅನುಕೂಲವುಂಟು, ಒಂದು ಭಾಷೆ ಸೋತಲ್ಲಿ ಇನ್ನೊಂದು. ಡಬ್ಬ ಬಂದ ಮೇಲೆ ಮೊದಲ ಸಲ ನಾನು ಅಲ್ಲಿ ತಂಗಿದ್ದಾಗ, ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಒಳಗಿನಿಂದ "ಲೇ... ಲೇ..." ಎಂದು ಕರೆದ ಹಾಗಾಯಿತು.

"ಬಂದೆ ಅಣ್ಣ!" ಎಂದು ಬಾಯಿ ಮುಕ್ಕಳಿಸಿ ಓಡಿದೆ.

ಅವನು ನನ್ನತ್ತ ನೋಡಲೂ ಇಲ್ಲ. ಡಬ್ಬದ ತಲೆ ಸವರುತ್ತ, "ಲೇ ನಾಯನಾ, ಲೇ" ಎನ್ನುತ್ತಿದ್ದ.

"ಏನಣ್ಣ, ಕರೆದೆಯಲ್ಲ?"

"ನಿನ್ನಲ್ಲ ಕಣೋ. ತೆಲುಗಲ್ಲಿ ಲೇ ಅಂದ್ರೆ ಎದ್ದೇಳು, ನಾಯನಾ ಅಂದ್ರೆ ಅಪ್ಪಾ ಅಂತ. ನೀನು ಎದ್ದಿದ್ದೀಯಲ್ಲ, ಹೋಗು."

ನಾಲ್ಕು ದಿನ ಇದ್ದೆ. ನಾಲ್ಕು ದಿನವೂ ಓಡಿ ಬಂದೆ! ಅವನು ಕರೆದದ್ದು ಯಾರನ್ನು ಎಂದು ನಿರ್ಧರಿಸುವಷ್ಟರಲ್ಲಿ ಡಬ್ಬ ಎದ್ದಿರುತ್ತಿತ್ತು, ನಾನು ಪೆಚ್ಚಾಗಿ ನಿಂತಿರುತ್ತಿದ್ದೆ.

ಒಮ್ಮೆ ಅವನ ನಕ್ಷೆಗಳನ್ನು ನೋಡಲು ಯಾವುದೋ ಪ್ರದರ್ಶನದ ಅಧಿಕಾರಿಗಳು ಕಾರಿನಲ್ಲಿ ಬಂದರು. ಅವನು ಚಾಪೆ ಹಾಕಿ ಕೂರಿಸಿ, "ಕಾಫಿ ಕುಡೀತಿರ್ರಿ, ಅದು ಇನ್ನೂ ಎದ್ದಿಲ್ಲ" ಎಂದ. ಎರಡು ಕಾಫಿ ಆಯಿತು. ಅವರಲ್ಲಿ ಒಬ್ಬರು ತಾಳ್ಮೆ ತಪ್ಪಿ ಎದ್ದು ಬಂದು ಗುಂಡಿಯನ್ನು ನಾಲ್ಕೈದು ಸಲ ಚಕಚಕ ಒತ್ತಿಬಿಟ್ಟರು. ನನ್ನ ಷಡ್ಡಕ ಅವರ ಕೈಯನ್ನು ಮೃದುವಾಗಿ ಹಿಡಿದು ಪಕ್ಕಕ್ಕಿಟ್ಟ.

"ಸಾರ್, ನಿಮ್ಮನೇಲಿ ನೀವು ಮಲಗಿರ್ತೀರಿ. ಯಾರೋ ಬಂದು ನಿಮ್ಮ ಮೂಗು ಒತ್ತಿ ಒತ್ತಿ ಎಬ್ಬಿಸಿದ್ರೆ ಸುಮ್ನಿರ್ತೀರಾ?"

ಅವರು ಹೋದರು, ನಕ್ಷೆ ನೋಡಲಿಲ್ಲ. ಕಾರು ಬೀದಿ ತಿರುಗುವ ಹೊತ್ತಿಗೆ ಸರಿಯಾಗಿ ಪರದೆ ಬೆಳಗಿತು. "ನೋಡಿದ್ಯಾ? ಅದಕ್ಕೂ ಅವರ ಮುಖ ಇಷ್ಟ ಆಗಿಲ್ಲ" ಎಂದ.

ರಿಪೇರಿ ಮಾಡಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕೇಳದವರು ಯಾರು? ಚಳ್ಳಕೆರೆಯ ಬಾಷಾ ಸಾಬ್ರನ್ನು ಒಂದು ಸಲ ನಾನೇ ಕರೆದುಕೊಂಡು ಹೋದೆ. ಮೊದಲು ರೇಡಿಯೊ, ಆಮೇಲೆ ಟೀವಿ, ಈಗ ಕಂಪ್ಯೂಟರು. ನಮ್ಮೂರಲ್ಲಿ ಸತ್ತದ್ದನ್ನು ಎಬ್ಬಿಸುವ ಕೈ ಅವರದು. ಅವರು "ಟಿಕ್" ಅನ್ನುವ ಸದ್ದನ್ನು ಮೂರು ಸಲ ಕೇಳಿದರು, ತಲೆಯಾಡಿಸಿದರು.

"ಯಜಮಾನ್ರೇ, ಒಳಗೆ ಕರೆಂಟ್ ಹಂಚೋ ಪೆಟ್ಟಿಗೆ ಐತಲ್ಲ, ಎಸ್‌ಎಂಪಿಎಸ್ ಅಂತ, ಅದು ಮುದುಕ ಆಗೈತೆ. ಬೆಚ್ಚಗಾದ್ರೆ ಏಳ್ತೈತೆ, ತಣ್ಣಗಾದ್ರೆ ಇಲ್ಲ. ಬಿಚ್ಚಿ ಬೇರೆ ಹಾಕ್ತೀನಿ, ಬಿಲ್ಕುಲ್ ಒಂದೇ ಸಲಕ್ಕೆ ಏಳ್ತೈತೆ."

"ಬಿಚ್ಚೋದು?" ನನ್ನ ಷಡ್ಡಕ ಡಬ್ಬಕ್ಕೂ ಅವರಿಗೂ ನಡುವೆ ಬಂದು ನಿಂತ. "ನನಗೂ ಬೆಳಿಗ್ಗೆ ಏಳಕ್ಕೆ ಮಂಡಿ ಹಿಡೀತೈತೆ. ನನ್ನನ್ನೂ ಬಿಚ್ತೀರೇನ್ರಿ?"

"ಹಂಗಾದ್ರೆ ಬಿಚ್ಚಲ್ಲ ಬಿಡ್ರಿ. ಆದ್ರೆ ದಿನಾ ಹಾಕಿ, ಒಂದು ದಿನಾನೂ ಬಿಡಬ್ಯಾಡ್ರಿ. ಪೂರ್ತಿ ಒಂದು ದಿನ ಆಫ್ ಇದ್ರೆ ಮಾರನೇ ದಿನ ಬಹಳ ಸತಾಯಿಸ್ತೈತೆ."

ಇಲ್ಲಿ ಬಂತು ನೋಡಿ ಸಮಸ್ಯೆ. ನಮ್ಮ ಕಡೆ ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ. ಲಾಳಿ ಮುಟ್ಟುವುದಿಲ್ಲ, ಎಳೆ ಸೇರಿಸುವುದಿಲ್ಲ. ಕಂಪ್ಯೂಟರು ಮಗ್ಗವಾದ ಮೇಲೆ ಅದಕ್ಕೂ ರಜೆ ಬೇಡವೇ? ತಿಂಗಳಿಗೊಂದು ದಿನ ಕಂಬಳಿ ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು ಅದು ಮಲಗಿರುತ್ತಿತ್ತು. ಮಾರನೆಯ ದಿನ ಪಾಡ್ಯಕ್ಕೆ ಎಬ್ಬಿಸಲು ಕುಳಿತರೆ ಮಧ್ಯಾಹ್ನವಾಗುತ್ತಿತ್ತು!

ಹಾಗೆಂದು ಅವನು ಭಕ್ತನೇನಲ್ಲ. ದೇವಸ್ಥಾನಕ್ಕೆ ಹೆಂಡತಿಯನ್ನು ಕರೆದೊಯ್ದು, ತಾನು ಹೊರಗೆ ಚಪ್ಪಲಿ ಕಾಯುವವನು. ನಾನು ಹಂಗಿಸಿದೆ.

"ದೇವ್ರೇ ಇಲ್ಲ ಅಂತೀಯ, ಅಮಾವಾಸ್ಯೆ ಮಾತ್ರ ಬೇಕಾ ಅಣ್ಣ?"

"ಅಮಾವಾಸ್ಯೆ ದೇವ್ರದ್ದು ಅಂತ ಯಾರು ಹೇಳಿದ್ದು? ಅದು ಮಗ್ಗದ್ದು. ಮಗ್ಗ ಬಾಯಿಬಿಟ್ಟು ರಜೆ ಕೇಳಲ್ಲ. ಕೇಳದೇ ಇರೋರಿಗೆ ನಾವೇ ಕೊಡಬೇಕು."

"ಮಾರನೇ ದಿನ ಏಳಲ್ವಲ್ಲ?"

"ರಜೆ ಆದ್ಮೇಲೆ ಯಾರು ಸರಿಯಾಗಿ ಎದ್ದವರೆ? ಸೋಮವಾರ ಬೆಳಿಗ್ಗೆ ಯಾವುದಾದ್ರೂ ಆಫೀಸಿಗೆ ಹೋಗಿ ನೋಡು!"

ಬಾಷಾ ಸಾಬ್ರು ಅವತ್ತು ವಾಪಸು ಬರುವ ದಾರಿಯಲ್ಲಿ ನನಗೆ ಹೇಳಿದರು: "ಆ ಮಷೀನು ರಿಪೇರಿ ಆಗ್ತೈತೆ. ಆ ಮನುಷ್ಯ ಆಗಲ್ಲ."

ಇನ್ನು ನನ್ನ ಪಾಪದ ಸರದಿ. ನನ್ನ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಗಂಡು ಹಿರಿಯೂರಿನವನು. ಅವಳು ಹುಟ್ಟಿ ಬೆಳೆದದ್ದು ಚಳ್ಳಕೆರೆಯ ನನ್ನ ಮನೆಯಲ್ಲೇ. ನನ್ನ ಷಡ್ಡಕ ಅವಳಿಗೆ ದೊಡ್ಡ ತಾತ. ಧಾರೆ ಸೀರೆಯ ಅಂಚಿಗೆ ಏನು ಬೇಕವ್ವ ಎಂದು ಅವನು ಕೇಳಿದ. ಅವಳು ತಮಾಷೆಗೆ, "ಎಲ್ಲರೂ ಮಾವಿನಕಾಯಿ ಉಡ್ತಾರೆ ದೊಡ್ಡ ತಾತ, ನನಗೆ ಶೇಂಗಾ ಹಾಕಿಕೊಡು" ಎಂದಳು.

ಅವನ ಬಳಿ ತಮಾಷೆ ಮಾಡುವುದು ಅಪಾಯ. ಒಂದು ಶೇಂಗಾ ಗಿಡವನ್ನು ಬೇರು ಸಮೇತ ಕಿತ್ತು ಮೇಜಿನ ಮೇಲಿಟ್ಟುಕೊಂಡು ಇಪ್ಪತ್ತು ದಿನ ಕುಳಿತ. ಹಳದಿ ಹೂವು, ಹೂವಿನಿಂದ ಮಣ್ಣಿಗಿಳಿಯುವ ಮೊನೆ, ಅದರ ತುದಿಗೆ ಸೊಂಟ ಸಣ್ಣಗಾದ ಕಾಯಿ. ಮುಗಿಯುತ್ತ ಬಂದಾಗ ನನಗೆ ತೋರಿಸಿದ. ಎಣ್ಣೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ರಾಶಿ ರಾಶಿ ಶೇಂಗಾ ನೋಡಿದವನು ನಾನು. ಅದು ಇಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ನಕ್ಷೆಯಲ್ಲಿ ಒಂದು ಮೂಲೆ ಬಾಕಿ. ಕಾರ್ಡು ಹೊಡೆಯುವವನು ಮಾರನೆಯ ದಿನವೇ ತನ್ನ ಮಗಳ ಊರಿಗೆ ಹೋಗುವವನಿದ್ದ, ಬರುವುದು ಹದಿನೈದು ದಿನಕ್ಕೆ. ಅಲ್ಲಿಯವರೆಗೆ ಕಾದರೆ ಮಗ್ಗದ ಮೇಲೆ ಸೀರೆ ಮುಗಿಯುವಷ್ಟರಲ್ಲಿ ಮದುವೆಯೂ ಮುಗಿದಿರುತ್ತಿತ್ತು. ಅವತ್ತೇ ಮುಗಿಸಬೇಕು. ನಾನು ಬೆಳಗಿನ ಬಸ್ಸಿಗೆ ಮೊಳಕಾಲ್ಮುರಿಗೆ ಹೋದೆ.

"ಅಣ್ಣ, ಇದೊಂದು ಅಮಾವಾಸ್ಯೆ ಬಿಟ್ಟುಬಿಡು."

"ಆಗಲ್ಲ."

"ಮೊಮ್ಮಗಳ ಮದುವೆ ಅಲ್ವಾ?"

"ಮಗ್ಗಕ್ಕೆ ಮೊಮ್ಮಗಳು ಗೊತ್ತಿಲ್ಲ."

ಅತ್ತಿಗೆ ಹೇಳಿದರು, ಅವನ ಮಗ ಹೇಳಿದ. ಗೋಡೆಗೆ ಹೇಳಿದಂತಾಯಿತು. ಕೊನೆಗೆ ನಾನು ಕೆಟ್ಟ ಮಾತೊಂದನ್ನು ಆಡಿದೆ. "ನನಗೆ ಗೊತ್ತಾಯ್ತು ಬಿಡು. ಇವತ್ತು ಅದು ಏಳೋದೇ ಇಲ್ಲ ಅಂತ ನಿನಗೆ ಹೆದರಿಕೆ. ಅದಕ್ಕೆ ಅಮಾವಾಸ್ಯೆ ನೆಪ ಹೇಳ್ತಿದೀಯ."

ಅವನು ನನ್ನನ್ನು ದಿಟ್ಟಿಸಿದ. ಮೀಸೆ ನಡುಗಿತು. "ಹೆದರಿಕೆ? ನನಗೆ? ಲೇ, ಇಲ್ಲೇ ಕೂತಿರು. ಸ್ನಾನ ಮಾಡಿ ಬರ್ತೀನಿ. ಎಬ್ಬಿಸಿ ತೋರಿಸ್ತೀನಿ."

ಗೆದ್ದೆ! ಗೆದ್ದವನು ಸುಮ್ಮನೆ ಕೂರಬೇಕೋ ಬೇಡವೋ? ನಾನು ಕರೆಂಟಿನ ಮಾಮ. ಅದು ಬೇಗ ಏಳುವಂತೆ ಏನಾದರೂ ಮಾಡೋಣವೆಂದು ಕಂಬಳಿಯ ಅಂಚು ಎತ್ತಿ ಡಬ್ಬದ ಹಿಂಭಾಗಕ್ಕೆ ಬಗ್ಗಿ ನೋಡಿದೆ. ಅಲ್ಲೊಂದು ಪುಟ್ಟ ಕೆಂಪು ಸ್ವಿಚ್ಚು. ಅದರ ಮೇಲೆ ೨೩೦ ಎಂದಿತ್ತು. ಇನ್ನೊಂದು ಕಡೆ ಸರಿಸಿದರೆ ೧೧೫.

ನೋಡಿ, ನೀವೇ ನ್ಯಾಯ ಹೇಳಿ. ಆ ಬೀದಿಯಲ್ಲಿ ಯಾವತ್ತಾದರೂ ೨೩೦ ವೋಲ್ಟು ಬಂದದ್ದುಂಟೇ? ಬಲ್ಬು ಕುಂಬಳ ಹೂವಿನ ಹಾಗೆ ಕೆಂಪಗೆ ಉರಿಯುತ್ತದೆ. ನನ್ನ ಅಂದಾಜಿಗೆ ಬಹಳವೆಂದರೆ ೧೬೦. ೨೩೦ರಲ್ಲಿ ೧೬೦ ಕಳೆದರೆ ೭೦. ೧೬೦ರಲ್ಲಿ ೧೧೫ ಕಳೆದರೆ ೪೫. ಯಾವುದು ಹತ್ತಿರ? ಡಬ್ಬ ೨೩೦ ಬರಲಿ ಎಂದು ಬಾಯಿಬಿಟ್ಟು ಕೂತಿದೆ, ಬರುವುದು ೧೬೦, ಅದಕ್ಕೇ ಏಳುತ್ತಿಲ್ಲ! ಇಷ್ಟು ವರ್ಷ ಯಾರಿಗೂ ಹೊಳೆಯದ್ದು ನನಗೆ ಒಂದು ನಿಮಿಷದಲ್ಲಿ ಹೊಳೆಯಿತು. ಉಗುರಿನಿಂದ ಸ್ವಿಚ್ಚನ್ನು ೧೧೫ಕ್ಕೆ ತಳ್ಳಿ, ಏನೂ ಅರಿಯದವನಂತೆ ಚಾಪೆಯ ಮೇಲೆ ಬಂದು ಕುಳಿತೆ. ಅದು ಒಂದೇ ಸಲಕ್ಕೆ ಎದ್ದಾಗ ಹೇಗೆ ಗಂಭೀರವಾಗಿ ಮೀಸೆ ತಿರುವಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡೆ.

ಲೆಕ್ಕ ಸರಿಯಾಗಿತ್ತು. ಆದರೆ ಆ ಸ್ವಿಚ್ಚು ಇರುವುದು ಪರದೇಶದ ಕರೆಂಟಿಗೆ; ನಮ್ಮದು ಎಷ್ಟೇ ಸೊರಗಿದರೂ ಅದಕ್ಕೆ ಕೈ ಹಚ್ಚಬಾರದಂತೆ. ಅದು ಎಸ್ಸೆಸ್ಸೆಲ್ಸಿಯಲ್ಲಿ ಇರಲಿಲ್ಲ. ಜೊತೆಗೆ ಅವತ್ತು ಅಮಾವಾಸ್ಯೆ. ಹಿಂದಿನ ಬೀದಿಯ ಪವರ್‌ಲೂಮುಗಳಿಗೂ ರಜೆ. ಕರೆಂಟು ಹಿಂದೆಂದೂ ಬಾರದಷ್ಟು ತುಂಬಿಕೊಂಡು ಬರುತ್ತಿತ್ತು!

ಅವನು ಒದ್ದೆ ತಲೆಯಲ್ಲಿ ಬಂದ. ಕಂಬಳಿ ತೆಗೆದ. ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾಯ್ತು ಕಣಪ್ಪ, ಇದೊಂದು ದಿನ. ಹುಡುಗಿಗೋಸ್ಕರ" ಎಂದು ಮೆಲ್ಲಗೆ ಅಂದ. ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಲೆಕ್ಕದ ಗುಂಗಿನಲ್ಲಿ ಮನಸ್ಸಿಗೆ ತಂದುಕೊಳ್ಳಲಿಲ್ಲ. ಗೋಡೆಯ ಸ್ವಿಚ್ಚು ಹಾಕಿದ.

ಢಬ್!

ಡಬ್ಬದ ಹಿಂದಿನಿಂದ ನೀಲಿ ಬೆಳಕು, ಆಮೇಲೆ ಹೊಗೆ, ಆಮೇಲೆ ಮೀನು ಸುಟ್ಟಂಥ ವಾಸನೆ. ಮನೆಯ ಫ್ಯೂಜು ಹೋಯಿತು. ಅತ್ತಿಗೆ ಅಡುಗೆ ಮನೆಯಿಂದ ಚೀರಿದರು. ಅವನು ಕಿಟಕಿ ತೆರೆಯಲು ಎದ್ದ. ಅವನ ಬೆನ್ನು ನನ್ನ ಕಡೆಗಿದ್ದ ಆ ಮೂರು ಕ್ಷಣದಲ್ಲಿ ನಾನು ವೈರು ಕಿತ್ತು, ಬಗ್ಗಿ, ಅದೇ ಉಗುರಿನಿಂದ ಸ್ವಿಚ್ಚನ್ನು ಮತ್ತೆ ೨೩೦ಕ್ಕೆ ತಳ್ಳಿದೆ.

೧೧೫ಕ್ಕೆ ತಳ್ಳಿದ್ದು ದಡ್ಡತನ. ಅದನ್ನು ಯಾವ ನ್ಯಾಯಾಲಯದಲ್ಲಾದರೂ ವಾದಿಸಿ ಗೆಲ್ಲುತ್ತೇನೆ. ಮತ್ತೆ ೨೩೦ಕ್ಕೆ ತಳ್ಳಿದ್ದಿದೆಯಲ್ಲ, ಅದು ಪಾಪ.

ಅವನು ಕಿಟಕಿಯಿಂದ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಡಬ್ಬದ ಮುಂದೆ ಕೂತು, "ಅಮಾವಾಸ್ಯೆ" ಎಂದ. ಒಂದೇ ಮಾತು.

"ಅಣ್ಣ, ಹಳೇದಾಗಿತ್ತು, ಯಾವತ್ತಾದ್ರೂ ಹೋಗೋದೇ..." ಎಂದೆ.

ಮಾರನೆಯ ದಿನ ಬಾಷಾ ಸಾಬ್ರನ್ನು ಕರೆತಂದೆ. ಈ ಸಲ ನನ್ನ ಷಡ್ಡಕ ಅಡ್ಡ ನಿಲ್ಲಲಿಲ್ಲ. ಹೊರಗೆ ಜಗಲಿಯ ಮೇಲೆ ಕೂತ, ಆಪರೇಷನ್ ಕೋಣೆಯ ಹೊರಗೆ ಕೂತವರಂತೆ. ಬಾಷಾ ಸಾಬ್ರು ಬಿಚ್ಚಿದರು. "ಅರೆ, ಪೂರಾ ಸುಟ್ಟು ಹೋಗೈತೆ! ಇಷ್ಟು ಜೋರಾಗಿ ಸುಮ್ಮನೆ ಹೋಗಲ್ವಲ್ಲ, ಯಾರಾದ್ರೂ ಹಿಂದೆ..." ಎಂದವರು ಕೆಂಪು ಸ್ವಿಚ್ಚನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಸಾಬ್ರೇ, ಟೀ ಕುಡೀತೀರಾ?" ಎಂದೆ.

"ಹೋಗ್ಲಿ ಬಿಡ್ರಿ" ಎಂದರು ಅವರು, "ವಯಸ್ಸಾಗಿತ್ತು." ವಯಸ್ಸಾದದ್ದು ಡಬ್ಬಕ್ಕೋ ನನಗೋ ಎಂದು ನಾನು ಕೇಳಲಿಲ್ಲ.

ಸುಟ್ಟದ್ದು ಕರೆಂಟು ಹಂಚುವ ಆ ಪೆಟ್ಟಿಗೆ ಒಂದೇ. ಹೊಸದು ಹಾಕಿ ಗುಂಡಿ ಒತ್ತಿದರು. ಒಂದೇ ಸಲಕ್ಕೆ ಗೊರ್ ಎಂದಿತು. ಗೆದ್ದಲು ತಿಂದ ಗಿಣಿ, ಮಾವು, ಗೋಪುರ ಎಲ್ಲವೂ ಪರದೆಯ ಮೇಲೆ ಬಂದವು, ಕೊನೆಗೆ ಶೇಂಗಾ. ಅವನು ಅವತ್ತೇ ಮೂಲೆ ತುಂಬಿದ. ಊರಿಗೆ ಹೊರಟಿದ್ದ ಕಾರ್ಡಿನವನನ್ನು ನಾನು ಬಸ್‌ಸ್ಟ್ಯಾಂಡಿನಿಂದ ಕೈಹಿಡಿದು ಎಳೆದು ತಂದೆ. ಷಡ್ಡಕನ ಮಗ ಸೀರೆ ನೇಯ್ದ. ಮೊಮ್ಮಗಳು ಶೇಂಗಾ ಅಂಚಿನ ಸೀರೆ ಉಟ್ಟು ಧಾರೆಗೆ ನಿಂತಳು. ಹಿರಿಯೂರಿನ ಬೀಗಿತ್ತಿಯೊಬ್ಬರು, "ಇದೇನ್ರಿ, ಅಂಚಿನ ತುಂಬ ಕಡ್ಲೇಕಾಯಿ?" ಎಂದು ಕೇಳಿದಾಗ ನನ್ನ ಷಡ್ಡಕ, "ಹಸಿವಾದ್ರೆ ಬಿಡಿಸ್ಕೊಂಡು ತಿನ್ರಿ" ಎಂದ.

ಎಲ್ಲ ಸರಿಹೋಯಿತಲ್ಲ! ನನ್ನ ದಡ್ಡತನದಿಂದಲೇ ಅದು ರಿಪೇರಿ ಆಯಿತು ಎಂದು ಎದೆ ತಟ್ಟಿಕೊಳ್ಳಲೂಬಹುದಿತ್ತು. ಆದರೆ ಅವನಿಗೆ ಮಾತ್ರ ಹೊಸ ಚುರುಕು ಹಿಡಿಸಲಿಲ್ಲ. "ಕರೆದ ತಕ್ಷಣ ಎದ್ದು ಬರೋದು ನಾಯಿ. ಮಗ್ಗ ಹಂಗೆ ಬರಲ್ಲ" ಎಂದು ಗೊಣಗಿದ. ಒಂದೇ ಸಲಕ್ಕೆ ಏಳುವುದನ್ನು ತಡೆಯಲು ಗುಂಡಿ ಒತ್ತುವ ಮೊದಲೇ ಮುಕ್ಕಾಲು ಗಂಟೆ ಸುಮ್ಮನೆ ಕೂರತೊಡಗಿದ! ಅದು ಏಳಲು ತಯಾರಾಗಿ ಕೂತಿದೆ, ಇವನು ಎಬ್ಬಿಸುತ್ತಲೇ ಇಲ್ಲ. ನನ್ನ ಹೆಂಡತಿಗೆ ಹೇಳಿದೆ, "ನಿಮ್ಮ ಭಾವನಿಗೆ ತಲೆ ಕೆಟ್ಟಿದೆ." ಅವಳು, "ಅವ್ರು ಮುಟ್ಟಿದ್ದು ಏನೂ ಸುಟ್ಟಿಲ್ಲ ಬಿಡ್ರಿ" ಎಂದಳು. ಅವಳಿಗೆ ಏನು ಗೊತ್ತಿತ್ತೋ, ನಾನು ಕೆದಕಲಿಲ್ಲ.

ಮದುವೆಯಾಗಿ ಮೂರು ತಿಂಗಳಿಗೆ ಮೊಮ್ಮಗಳಿಗೆ ಕಾಮಾಲೆ ಬಂತು. ಪಥ್ಯಕ್ಕೆಂದು ನಮ್ಮ ಮನೆಗೆ ಕರೆತಂದೆವು. ಸುದ್ದಿ ಮುಟ್ಟಿದ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಷಡ್ಡಕ ಹಾಜರು, ಕೈಯಲ್ಲಿ ಒಂದು ಚೀಲ ನೆಲನೆಲ್ಲಿ ಸೊಪ್ಪು. ಇಡೀ ದಿನ ಅವಳ ಕಾಲ ಬಳಿ ಕೂತಿದ್ದ. ಅವಳು ನಗಿಸಲು ನೋಡಿದರೂ ನಗಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದಾಗ ಒಂದೂವರೆ ಗಂಟೆ ಹೊರಗಿನ ಬೆಂಚಿನ ಮೇಲೆ ಮಾತಿಲ್ಲದೆ ಕಾದ. ಅವತ್ತು ಯಾರೊಂದಿಗೂ ಜಗಳವಾಡಲಿಲ್ಲ! ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹುಡುಗಿ ಚೇತರಿಸಿಕೊಂಡು ಹಿರಿಯೂರಿಗೆ ಹೋದಳು.

ಮೊನ್ನೆ ನಾನೂ ನನ್ನ ಹೆಂಡತಿಯೂ ಮೊಳಕಾಲ್ಮುರಿಗೆ ಹೋಗಿದ್ದೆವು. ಅಮಾವಾಸ್ಯೆ. ಅತ್ತಿಗೆ ಹೋಳಿಗೆ ಮಾಡಿದ್ದರು. ಹೋಳಿಗೆ ಎಂದರೆ ನನ್ನ ಷಡ್ಡಕ ಲೆಕ್ಕ ಇಡುವವನಲ್ಲ. ಅವತ್ತು ನನಗೆ ತಟ್ಟೆ ಹಾಕಿದ ಕೂಡಲೇ, "ಹೊಟ್ಟೆ ಸರಿಯಿಲ್ಲ, ನೀನು ಉಣ್ಣು" ಎಂದು ಮಗ್ಗದ ಕೋಣೆಗೆ ಎದ್ದು ಹೋದ.

"ಏನಾಗೈತೆ ಅತ್ತಿಗೆ ಅಣ್ಣನಿಗೆ?"

ಅತ್ತಿಗೆ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಹೊಟ್ಟೆಗೆ ಏನೂ ಆಗಿಲ್ಲಪ್ಪ. ಆ ಮಿಷನ್ನು ಸುಟ್ಟ ಮೇಲೆ ಏಳು ಅಮಾವಾಸ್ಯೆ ಆಯ್ತು, ಒಂದಕ್ಕೂ ಅನ್ನ ಮುಟ್ಟಿಲ್ಲ. ರಜೆ ಮುರಿದಿದ್ದು ನಾನು, ಅದರ ಪಾಪ ಹುಡುಗಿ ಮೇಲೆ ಬರಬಾರದು ಅಂತಾರೆ. ಕಾಮಾಲೆ ಬಂದಾಗ, ನನ್ನಿಂದ್ಲೇ ಬಂತು ಅಂತ ಗೋಡೆ ಕಡೆ ತಿರುಗಿ ಅಳ್ತಿದ್ರು. ನಿಮಗೆ ಹೇಳಬ್ಯಾಡ ಅಂದವ್ರೆ. ಹೇಳಿದ್ರೆ ನೀವು ನಗಾಡ್ತೀರಂತೆ."

ನಾನು ನಗಲಿಲ್ಲ. ತಟ್ಟೆಯ ಮುಂದೆ ಕೂತೇ ಇದ್ದೆ. ದೇವರಿಲ್ಲ ಎನ್ನುವ ಮನುಷ್ಯ! ನನ್ನ ಮೊಮ್ಮಗಳಿಗಾಗಿ, ನಾನು ಉಗುರಿನಲ್ಲಿ ಮಾಡಿದ ಕೆಲಸಕ್ಕೆ, ಏಳು ತಿಂಗಳು!

ಎದ್ದು ಹೋದೆ. ಅವನು ಮಗ್ಗದ ಪಕ್ಕ, ಕಂಬಳಿ ಹೊದ್ದ ಡಬ್ಬದ ಎದುರು ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಕೆಂಪು ಸ್ವಿಚ್ಚು, ೨೩೦, ೧೧೫, ನನ್ನ ಲೆಕ್ಕ, ಕಿಟಕಿ, ಉಗುರು. ಹೊಡೆಯುತ್ತಾನೆ ಎಂದು ಗೊತ್ತಿತ್ತು. ಹೊಡೆಸಿಕೊಳ್ಳಲು ಅನುಕೂಲವಾಗಲಿ ಎಂದು ಹತ್ತಿರ ಹೋಗಿ ನಿಂತೆ.

ಅವನು ಕೈ ಎತ್ತಲಿಲ್ಲ.

"ಹಂಗಾದ್ರೆ... ಅದು ಅಮಾವಾಸ್ಯೆಯಿಂದ ಅಲ್ವಾ?"

"ಅಲ್ಲಣ್ಣ. ನನ್ನಿಂದ."

"ಖರೇನಾ? ಬರೀ ನಿನ್ನಿಂದ?"

"ಬರೀ ನನ್ನಿಂದ."

"ಹುಡುಗಿಗೆ ಏನೂ ಇಲ್ವಲ್ಲ?"

"ಏನೂ ಇಲ್ಲಣ್ಣ. ಚೆನ್ನಾಗವಳೆ."

ಅವನ ಹೆಗಲು ಇಳಿಯಿತು. ಅಷ್ಟು ದಿನ ಅದು ಮೇಲಕ್ಕೆ ಬಿಗಿದುಕೊಂಡಿತ್ತೆಂದು ನನಗೆ ಇಳಿದಾಗಲೇ ಗೊತ್ತಾದದ್ದು.

"ಥೂ ನಿನ್ನ! ಏಳು ಅಮಾವಾಸ್ಯೆ ಹೋಳಿಗೆ ಕಣಲೇ!" ಎಂದು ಎದ್ದ. ಅಡುಗೆ ಮನೆಯ ಕಡೆ ಕೂಗಿದ, "ಏಯ್, ನನಗೊಂದು ತಟ್ಟೆ ಹಾಕು. ಅವನಿಗಿಂತ ದೊಡ್ಡದು!"

ಕೂತ. ಹೋಳಿಗೆ ಮುರಿದ. ಬಾಯಿಗಿಡುವ ಮೊದಲು ಎಡಗೈ ನನ್ನ ಕಡೆ ಚಾಚಿ, "ಹುಡುಗಿಗೆ ಫೋನ್ ಹಚ್ಚು" ಎಂದ. ಹಚ್ಚಿ ಕೊಟ್ಟೆ.

"ಏನವ್ವ, ಉಂಡ್ಯಾ?"

"ಆಯ್ತು ದೊಡ್ಡ ತಾತ. ನೀನು?"

"ಉಣ್ತಿದ್ದೀನಿ. ಈಗ ಉಣ್ತಿದ್ದೀನಿ."

ಅವಳು ಆ ಕಡೆಯಿಂದ ನಕ್ಕದ್ದು ನನಗೂ ಕೇಳಿಸಿತು. "ಅದೇನು ತಾತ, ಉಣ್ಣೋದನ್ನೂ ಫೋನ್ ಮಾಡಿ ಹೇಳ್ತಾರಾ?"

"ಹೂಂ ಕಣವ್ವ" ಎಂದ. ಕೈಯಲ್ಲಿದ್ದ ತುತ್ತು ಹಾಗೇ ಇತ್ತು, ಕಣ್ಣಿನ ನೀರು ಮೀಸೆಗೆ ಇಳಿಯುತ್ತಿತ್ತು. "ಇವತ್ತು ಹೇಳ್ಬೇಕು ಅನ್ನಿಸ್ತು."